‘ರಿಡೀಮಿಂಗ್ ಲವ್’: ಒಂದೇ ಕಾದಂಬರಿ, ಒಪ್ಪದ ಓದುಗರು

ಪ್ರಶ್ನೆ: ನಮ್ಮ ಚರ್ಚಿನ ಮಹಿಳೆಯರ ಓದು ಬಳಗದಲ್ಲಿ ಫ್ರಾನ್ಸಿನ್ ರಿವರ್ಸ್ ಅವರ ‘ರಿಡೀಮಿಂಗ್ ಲವ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಓದಿದೆವು. ಅರ್ಧದಷ್ಟು ಮಂದಿ ಅತ್ತುಕೊಂಡು ಓದಿದರು, ದೇವರ ಪ್ರೀತಿ ಈಗ ಅರ್ಥವಾಯಿತು ಎಂದರು. ಉಳಿದವರಲ್ಲಿ ಕೆಲವರಿಗೆ ಅದು ಕ್ರೈಸ್ತ ಪುಸ್ತಕವೆನ್ನಲಾಗದಷ್ಟು ಮೈಬಿಸಿ ಕಥೆಯೆನಿಸಿತು. ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳು ನೂರು ಪುಟ ಓದಿ ಮುಚ್ಚಿಟ್ಟು, ‘ಇದು ಪ್ರೀತಿಯಲ್ಲಮ್ಮ, ಜಬರ್ದಸ್ತಿ’ ಎಂದಳು. ಒಂದೇ ಪುಸ್ತಕದ ಬಗ್ಗೆ ಇಷ್ಟು ಭಿನ್ನ ಅಭಿಪ್ರಾಯ ಹೇಗೆ ಸಾಧ್ಯ? ಮಗಳ ಮಾತಿನಲ್ಲಿ ಹುರುಳಿದೆಯೇ? ಹದಿನೈದು, ಹದಿನಾರರ ಹುಡುಗಿಯರಿಗೆ ಇದನ್ನು ಕೊಡಬಹುದೇ? ಇದರ ಸಿನಿಮಾ ನೋಡಿದರೆ ಸಾಕಾಗುವುದೇ? (ಓದುಗಿ, ಮಂಗಳೂರು)

ಉತ್ತರ: ತಮ್ಮ ಬಳಗದಲ್ಲಿ ಎದ್ದ ಭಿನ್ನಾಭಿಪ್ರಾಯ ಹೊಸದೇನಲ್ಲ. ಈ ಕಾದಂಬರಿ ಮೊದಲು ಅಚ್ಚಾದ 1991ರಿಂದ ಇಂದಿನವರೆಗೂ ಅಮೆರಿಕದ ಓದುಗರು ಹೆಚ್ಚುಕಡಿಮೆ ಇದೇ ಮೂರು ಗುಂಪುಗಳಾಗಿ ನಿಂತಿದ್ದಾರೆ, ಮತ್ತು ಮೂವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದ ಮೇಲೂ ಅವರಲ್ಲಿ ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲು ಆಗಿಲ್ಲ. ಒಪ್ಪಿಸಲಾಗದಿರುವುದಕ್ಕೆ ಕಾರಣ ಅಭಿರುಚಿಯ ವ್ಯತ್ಯಾಸವಷ್ಟೇ ಎಂದು ನನಗನ್ನಿಸುವುದಿಲ್ಲ. ಕಥಾನಾಯಕನನ್ನು ಯಾರೆಂದು ತಿಳಿದು ಓದಬೇಕು ಎಂಬ ಒಂದೇ ಪ್ರಶ್ನೆಗೆ ಪುಸ್ತಕವೇ ಎರಡು ಉತ್ತರ ಕೊಡುತ್ತದೆ, ಓದುಗರು ತಮಗೆ ಒಪ್ಪುವ ಒಂದನ್ನು ಹಿಡಿದುಕೊಳ್ಳುತ್ತಾರೆ.

ಪುಸ್ತಕ ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸಾರಾ ಎಂಬ ಹುಡುಗಿ ಮದುವೆಯಾಗದ ತಾಯಿಗೆ ಹುಟ್ಟಿದವಳು, ತಂದೆಗೆ ಬೇಡವಾದವಳು. ತಾಯಿ ಸತ್ತ ಮೇಲೆ ಎಂಟನೆಯ ವಯಸ್ಸಿನಲ್ಲೇ ಅವಳು ಡ್ಯೂಕ್ ಎಂಬ ದಲ್ಲಾಳಿಯ ಕೈಗೆ ಮಾರಾಟವಾಗುತ್ತಾಳೆ. ಅವನು ಅವಳ ಹೆಸರನ್ನು ಏಂಜಲ್ ಎಂದು ಬದಲಿಸುತ್ತಾನೆ. ಮುಂದೆ, 1850ರ ಕ್ಯಾಲಿಫೋರ್ನಿಯದ ಚಿನ್ನದ ಗಣಿಯೂರೊಂದರ ವೇಶ್ಯಾಗೃಹದಲ್ಲಿ ಅವಳನ್ನು ನಾವು ಕಾಣುತ್ತೇವೆ. ಅವಳ ಬಳಿಗೆ ಹೋಗಬೇಕೆನ್ನುವ ಗಂಡಸರು ಅಷ್ಟು ಮಂದಿ ಇರುವುದರಿಂದ ಅಲ್ಲಿ ಚೀಟಿ ಎತ್ತುತ್ತಾರೆ. ಆ ಊರಿನ ಹೆಸರು ‘ಪೇರ್-ಅ-ಡೈಸ್’: ಬಾಯಲ್ಲಿ ಹೇಳಿದರೆ ಸ್ವರ್ಗ, ಬರೆದು ನೋಡಿದರೆ ಜೂಜಿನ ಜೋಡಿ ದಾಳ. ಆ ಊರಿಗೆ ತರಕಾರಿ ಮಾರಲು ಬರುವ ಮೈಕೆಲ್ ಹೋಶೇಯ ಎಂಬ ರೈತ ಅವಳನ್ನು ಬೀದಿಯಲ್ಲಿ ನೋಡುತ್ತಾನೆ, ಈಕೆಯನ್ನೇ ನೀನು ಮದುವೆಯಾಗಬೇಕು ಎಂಬ ದೇವರ ದನಿಯನ್ನು ಕೇಳುತ್ತಾನೆ. ಮದುವೆಯಾಗಿ ಹೊಲದ ಮನೆಗೆ ಕರೆತಂದ ಮೇಲೆ ಅವಳು ಮತ್ತೆ ಮತ್ತೆ ಓಡಿಹೋಗುತ್ತಾಳೆ. ಉಳಿದದ್ದೆಲ್ಲ ಆ ಓಟ ಮತ್ತು ಮರಳುವಿಕೆಯ ಕಥೆ.

ಸತ್ಯವೇದ ಬಲ್ಲ ತಮಗೆ ಈ ನಾಯಕನ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ಕ್ರಿಸ್ತಪೂರ್ವ 8ನೆಯ ಶತಮಾನದಲ್ಲಿ ಉತ್ತರ ಇಸ್ರಾಯೇಲ್ ರಾಜ್ಯದಲ್ಲಿದ್ದ ಪ್ರವಾದಿ ಹೋಶೇಯನಿಗೆ, ವ್ಯಭಿಚಾರಿಣಿಯೊಬ್ಬಳನ್ನು ಮದುವೆಯಾಗು ಎಂದು ದೇವರ ಅಪ್ಪಣೆಯಾಗುತ್ತದೆ. ಅವನು ಗೋಮೆರಳನ್ನು ಕೈಹಿಡಿಯುತ್ತಾನೆ. ಜನರು ಅನ್ಯದೇವರುಗಳ ಹಿಂದೆ ಹೋಗುವುದನ್ನು ಹೆಂಡತಿಯ ದ್ರೋಹವೆಂದೂ, ದೇವರು ಅವರನ್ನು ಮರಳಿ ಕರೆಯುವುದನ್ನು ಗಂಡನ ತಾಳ್ಮೆಯೆಂದೂ ಆ ಗ್ರಂಥ ಚಿತ್ರಿಸುತ್ತದೆ. ಮೂರನೆಯ ಅಧ್ಯಾಯದಲ್ಲಿ ಪ್ರವಾದಿಯು 15 ಶೆಕೆಲ್ ಬೆಳ್ಳಿ ಮತ್ತು ಒಂದೂವರೆ ಹೋಮೆರ್ ಜವೆಗೋದಿ ತೆತ್ತು ಹೆಂಗಸೊಬ್ಬಳನ್ನು ಬಿಡಿಸಿ ತರುತ್ತಾನೆ. ಅವಳು ಗೋಮೆರಳೇ ಎಂದು ಅಲ್ಲಿ ಹೆಸರಿಟ್ಟು ಹೇಳಿಲ್ಲವಾದರೂ ಬಹುತೇಕ ಓದುಗರು ಹಾಗೆಯೇ ತಿಳಿಯುತ್ತಾರೆ, ರಿವರ್ಸ್ ಕೂಡ ಹಾಗೆಯೇ ತಿಳಿದಿದ್ದಾರೆ.

ತಮ್ಮ ಬಳಗದಲ್ಲಿ ಅತ್ತವರು ಮೈಕೆಲ್‌ನನ್ನು ದೃಷ್ಟಾಂತವೊಂದರ ಪಾತ್ರವಾಗಿ ಓದಿದ್ದಾರೆ. ಅವರ ಕಣ್ಣಿಗೆ ಅವನು ದೇವರ ಪ್ರತಿರೂಪ, ಏಂಜಲ್ ಓದುತ್ತಿರುವ ತಾವೇ. ತನ್ನನ್ನು ಯಾರೂ ಪ್ರೀತಿಸಲಾರರು ಎಂದು ಒಳಗೊಳಗೇ ನಂಬಿಕೊಂಡ ಹೆಂಗಸಿಗೆ, ಎಷ್ಟು ಸಲ ಓಡಿಹೋದರೂ ಬಾಗಿಲು ತೆರೆದೇ ಇಟ್ಟಿರುವ ಮನೆಯೊಂದರ ಚಿತ್ರ ಏನು ಮಾಡಬಲ್ಲದೆಂಬುದನ್ನು ನಾನು ಲಘುವಾಗಿ ಕಾಣುವುದಿಲ್ಲ. ತಮ್ಮ ಮಗಳು ಅದೇ ಮೈಕೆಲ್‌ನನ್ನು ಒಬ್ಬ ಗಂಡಸಾಗಿ, ಒಬ್ಬ ಗಂಡನಾಗಿ ಓದಿದ್ದಾಳೆ. ಅದೂ ತಪ್ಪು ಓದಲ್ಲ, ಏಕೆಂದರೆ ಪುಸ್ತಕವೇ ಅವನಿಗೆ ಮೈಕೈ ಕೊಟ್ಟಿದೆ. ಅವನು ಕೋಪಗೊಳ್ಳುತ್ತಾನೆ, ಹೆಂಡತಿಯನ್ನು ಬಯಸಿ ನಿದ್ದೆಗೆಡುತ್ತಾನೆ, ಹೊಟ್ಟೆಕಿಚ್ಚು ಪಡುತ್ತಾನೆ. ಪ್ರೇಮಕಾದಂಬರಿಯೆಂಬ ಪ್ರಕಾರದ ಕಟ್ಟಳೆಯೇ ಅದು: ನಾಯಕ ಮನುಷ್ಯನಾಗಿರಬೇಕು, ಅವನ ಪ್ರೀತಿಗೆ ದೇಹವಿರಬೇಕು. ದೃಷ್ಟಾಂತದ ಕಟ್ಟಳೆ ಇದಕ್ಕೆ ವಿರುದ್ಧ. ದೇವರು ‘ನನ್ನ ಇಚ್ಛೆಯೇ ನಿನಗೆ ಒಳಿತು’ ಎಂದರೆ ಭಕ್ತರು ತಲೆಬಾಗುತ್ತಾರೆ. ಅದೇ ಮಾತನ್ನು ಗಂಡ ಆಡಿದರೆ ಇಂದಿನ ಹುಡುಗಿ ಏಕೆ ಎಂದು ಕೇಳುತ್ತಾಳೆ, ಕೇಳಲೇಬೇಕು.

ಕನ್ನಡದ ಓದುಗರಿಗೆ ಇದನ್ನು ವಿವರಿಸಲು ನಮ್ಮಲ್ಲೇ ಒಂದು ಒಳ್ಳೆಯ ಹೋಲಿಕೆಯಿದೆ. ವಚನಕಾರರ ‘ಶರಣಸತಿ ಲಿಂಗಪತಿ’ ಭಾವದಲ್ಲಿಯೂ ದೇವರು ಗಂಡ, ಭಕ್ತ ಹೆಂಡತಿ. ಆದರೆ ಅಲ್ಲಿ ಮಾತಾಡುವವಳು ಹೆಂಡತಿ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ತಾನೇ ಆರಿಸಿಕೊಳ್ಳುತ್ತಾಳೆ, ಲೋಕದ ಗಂಡಂದಿರನ್ನು ತಾನೇ ನಿರಾಕರಿಸುತ್ತಾಳೆ. ಹೋಶೇಯನ ಗ್ರಂಥದಲ್ಲಿ ಮಾತೆಲ್ಲ ಗಂಡನ ಕಡೆಯದು. ಗೋಮೆರಳ ಮದುವೆ, ಹೆರಿಗೆ, ದ್ರೋಹ ಎಲ್ಲವನ್ನೂ ನಾವು ಅವನ ಕಡೆಯಿಂದಲೇ ನೋಡುತ್ತೇವೆ, ಅವಳದೆನ್ನುವ ಮಾತು ಬಂದರೂ ಅದು ಗಂಡನ ಬಾಯಿಂದಲೇ ಬರುತ್ತದೆ. ಎರಡನೆಯ ಅಧ್ಯಾಯದಲ್ಲಿ ಅವಳ ದಾರಿಗೆ ಮುಳ್ಳುಬೇಲಿ ಹಾಕುವ, ಅವಳನ್ನು ಬೆತ್ತಲೆ ಮಾಡುವ ಬೆದರಿಕೆಗಳಿವೆ. ರೆನಿಟಾ ವೀಮ್ಸ್ ಅವರಂಥ ಅಮೆರಿಕದ ಸತ್ಯವೇದ ವಿದ್ವಾಂಸರು, ಅವರೂ ನಂಬಿಕೆಯುಳ್ಳ ಕ್ರೈಸ್ತರೇ, ಪೆಟ್ಟು ತಿಂದ ಹೆಂಡತಿಯೊಬ್ಬಳ ಕಿವಿಗೆ ಈ ರೂಪಕ ಹೇಗೆ ಕೇಳಿಸೀತು ಎಂಬ ಪ್ರಶ್ನೆಯನ್ನು 1995ರಷ್ಟು ಹಿಂದೆಯೇ ಪುಸ್ತಕವಾಗಿ ಬರೆದು ಎತ್ತಿದ್ದಾರೆ. ಹಾಗಾಗಿ ತಮ್ಮ ಮಗಳ ಆಕ್ಷೇಪ ಇಂದಿನ ಹುಡುಗಿಯೊಬ್ಬಳ ಉಡಾಫೆಯಲ್ಲ, ಕಾದಂಬರಿ ಯಾವ ಮೂಲದಿಂದ ಹುಟ್ಟಿತೋ ಆ ಮೂಲಕ್ಕೇ ಸಲ್ಲುವ ಆಕ್ಷೇಪ.

ಅವಳು ಪುಸ್ತಕ ಮುಚ್ಚಿಟ್ಟ ಜಾಗ ಮದುವೆಯ ಸನ್ನಿವೇಶವೇ ಇರಬಹುದೆಂದು ನನ್ನ ಊಹೆ. ಮೈಕೆಲ್ ಮೊದಲು ಕೆಲವು ರಾತ್ರಿ ಚಿನ್ನದ ಪುಡಿ ತೆತ್ತು ಏಂಜಲ್‌ಳ ಅರ್ಧ ಗಂಟೆಯನ್ನು ಕೊಂಡು, ಅವಳನ್ನು ಮುಟ್ಟದೆ, ಕೇವಲ ಮಾತಾಡಿ ಹೋಗುತ್ತಾನೆ. ಅವಳು ಬಾ ಎಂದರೂ ಬರುವುದಿಲ್ಲ. ಅಲ್ಲಿಯವರೆಗೆ ಅವಳಿಗೆ ಆಯ್ಕೆಯಿದೆ, ಅವಳು ಅವನನ್ನು ಅಣಕಿಸಿ ಅಟ್ಟುತ್ತಾಳೆ ಕೂಡ. ಆದರೆ ಅವನು ಮತ್ತೊಮ್ಮೆ ಬರುವ ಹೊತ್ತಿಗೆ ಮ್ಯಾಗೋವನ್ ಎಂಬ ಕಾವಲುಗಾರ ಅವಳನ್ನು ಸಾಯುವಷ್ಟು ಹೊಡೆದಿರುತ್ತಾನೆ. ಎಚ್ಚರ ಅರ್ಧ ತಪ್ಪಿದ ಆ ಸ್ಥಿತಿಯಲ್ಲಿ ಮೈಕೆಲ್ ಮದುವೆಯ ಮಾತೆತ್ತುತ್ತಾನೆ, ಅವಳು ‘ಆಗಲಿ, ಅದಕ್ಕೇನಂತೆ’ ಎಂಬಂಥ ಮಾತನ್ನು ಗೊಣಗುತ್ತಾಳೆ, ಅವನು ತನ್ನ ತಾಯಿಯ ಉಂಗುರವನ್ನು ಅವಳ ಬೆರಳಿಗೆ ತೊಡಿಸುತ್ತಾನೆ. ಕಣ್ಣು ಬಿಟ್ಟಾಗ ಅವಳು ಅವನ ಮನೆಯಲ್ಲಿದ್ದಾಳೆ. ದೃಷ್ಟಾಂತವಾಗಿ ಓದಿದರೆ ಇದು ಕೃಪೆಯ ಅತ್ಯಂತ ಸ್ಪಷ್ಟ ಚಿತ್ರ: ನಾವು ಕೇಳುವ ಶಕ್ತಿಯೂ ಇಲ್ಲದಾಗ ದೇವರು ಎತ್ತಿಕೊಂಡನು. ಮನುಷ್ಯರ ಮದುವೆಯಾಗಿ ಓದಿದರೆ ಅದಕ್ಕೆ ಸಮ್ಮತಿಯೆಂಬ ಹೆಸರನ್ನು ಕೊಡಲು ನನಗೆ ಆಗುವುದಿಲ್ಲ. ನನ್ನ ಮಟ್ಟಿಗೆ ಲೇಖಕಿ ಇಲ್ಲಿ ಸುಲಭದ ದಾರಿ ಹಿಡಿದಿದ್ದಾರೆ. ಹೊಡೆತದಿಂದ ಅವಳನ್ನು ಕಾಪಾಡಿ, ಗುಣವಾದ ಮೇಲೆ ಕೇಳಿಸಿದ್ದರೆ ಕಥೆ ಇನ್ನೂ ಐವತ್ತು ಪುಟ ಬೆಳೆಯುತ್ತಿತ್ತು, ಆದರೆ ಉಂಗುರಕ್ಕೆ ತೂಕವಿರುತ್ತಿತ್ತು.

ಆದರೂ ಮಗಳಿಗೆ ಇದನ್ನೇ ಕೊನೆಯ ಮಾತೆಂದು ನಾನು ಹೇಳುವುದಿಲ್ಲ, ಏಕೆಂದರೆ ಅವಳು ಓದದ ಭಾಗದಲ್ಲಿ ಈ ಆಕ್ಷೇಪಕ್ಕೆ ಲೇಖಕಿ ತಕ್ಕಮಟ್ಟಿಗೆ ಉತ್ತರ ಕೊಟ್ಟಿದ್ದಾರೆ. ಹೆಸರುಗಳನ್ನು ಗಮನಿಸಿ. ಡ್ಯೂಕ್ ಅವಳಿಗೆ ಏಂಜಲ್ ಎಂದು ಹೆಸರಿಟ್ಟನಷ್ಟೆ. ಮೈಕೆಲ್‌ಗೆ ಆ ಹೆಸರು ಬೇಡ. ತನ್ನ ನಿಜ ಹೆಸರನ್ನು ಅವಳು ಹೇಳಲೊಲ್ಲಳು. ಆದ್ದರಿಂದ ಅವನು ಮೊದಲು ‘ಮಾರಾ’ ಎನ್ನುತ್ತಾನೆ, ಅಂದರೆ ಕಹಿ, ರೂತಳ ಗ್ರಂಥದಲ್ಲಿ ನೊವೊಮಿ ತನ್ನನ್ನು ಕರೆದುಕೊಂಡ ಹೆಸರು. ಆಮೇಲೆ ‘ಅಮಾಂಡಾ’ ಎನ್ನುತ್ತಾನೆ, ಅಂದರೆ ಪ್ರೀತಿಗೆ ಯೋಗ್ಯಳು. ಮುಂದೆ ‘ತಿರ್ಚಾ’ ಎನ್ನುತ್ತಾನೆ, ಸತ್ಯವೇದದ ಪರಮಗೀತದಲ್ಲಿ ಪ್ರಿಯತಮೆಯ ಚೆಲುವಿಗೆ ಹೋಲಿಕೆಯಾಗಿ ಬರುವ ಪಟ್ಟಣದ ಹೆಸರು. ಹಲವು ಓದುಗಿಯರಿಗೆ ಇದು ಕಿರಿಕಿರಿ: ದಲ್ಲಾಳಿಯೂ ಹೆಸರಿಟ್ಟ, ಗಂಡನೂ ಹೆಸರಿಟ್ಟ, ಏನು ವ್ಯತ್ಯಾಸ? ಆದರೆ ನಾಲ್ಕುನೂರಕ್ಕೂ ಹೆಚ್ಚು ಪುಟಗಳುದ್ದಕ್ಕೂ ಅವಳು ಒಂದು ವಸ್ತುವನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ, ಅದು ಸಾರಾ ಎಂಬ ತನ್ನ ಹೆಸರು. ಕೊನೆಯಲ್ಲಿ ಅದನ್ನು ತಾನಾಗಿ ಮೈಕೆಲ್‌ಗೆ ಹೇಳುತ್ತಾಳೆ. ಪುಸ್ತಕದಲ್ಲಿ ಅವಳು ಪೂರ್ತಿ ಮನಸ್ಸಿನಿಂದ ಕೊಡುವ ಕೊಡುಗೆ ಅದು, ದೇಹವಲ್ಲ. ಹೋಶೇಯನ ಗ್ರಂಥದಲ್ಲೂ ಹೆಸರುಗಳದೇ ಆಟ. ‘ಲೋ ಅಮ್ಮಿ’, ಅಂದರೆ ನನ್ನ ಜನವಲ್ಲ, ಎಂದು ಹೆಸರು ಪಡೆದ ಮಗುವಿನ ಹೆಸರಿನಿಂದ ಆ ‘ಅಲ್ಲ’ವನ್ನು ದೇವರು ತೆಗೆದುಹಾಕುತ್ತಾನೆ. ಅಲ್ಲಿ ಹೆಸರು ಬದಲಿಸುವವನು ದೇವರು, ಇಲ್ಲಿ ಹೆಸರನ್ನು ಬಿಚ್ಚಿ ಹೇಳುವವಳು ಹೆಂಗಸು. ರಿವರ್ಸ್ ಮೂಲವನ್ನು ದಾಟಿದ ಜಾಗ ಇದು.

ಇನ್ನೊಂದು ಜಾಗವೂ ಇದೆ. ಮೊದಲೊಮ್ಮೆ ಅವಳು ಓಡಿಹೋದಾಗ ಮೈಕೆಲ್ ಪೇರ್-ಅ-ಡೈಸಿಗೆ ಹೋಗಿ, ಹೊಡೆದಾಡಿ, ಅವಳನ್ನು ಎಳೆದುಕೊಂಡೇ ಬರುತ್ತಾನೆ. ಆ ಪುಟಗಳಲ್ಲಿ ಅವನ ಕೋಪವನ್ನು ಕಂಡು ಅವಳಂತೆ ನನಗೂ ಹೆದರಿಕೆಯಾಯಿತು. ಆದರೆ ಕಡೆಯ ಸಲ ಅವಳು ಹೋದಾಗ ಅವನು ಹೋಗುವುದಿಲ್ಲ. ಹೋಗಬೇಡ ಎಂದು ದೇವರೇ ತಡೆಯುತ್ತಾನೆ. ಮೂರು ವರ್ಷ ಕಳೆಯುತ್ತದೆ. ಆ ಅವಧಿಯಲ್ಲಿ ಅವಳು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡ್ಯೂಕ್‌ನ ಹಿಡಿತದಿಂದ ಬಿಡಿಸಿಕೊಂಡು, ತನ್ನಂಥ ಹೆಂಗಸರಿಗೆ ಕಸುಬು ಕಲಿಸುವ ಮನೆಯೊಂದನ್ನು ನಡೆಸುತ್ತಾಳೆ, ನಂಬಿಕೆಗೆ ಬರುವುದೂ ಮೈಕೆಲ್ ಇಲ್ಲದ ಆ ಊರಿನಲ್ಲೇ. ಹೋಶೇಯನು ತನ್ನ ಹೆಂಡತಿಯನ್ನು ಬೆಳ್ಳಿ ಮತ್ತು ಜವೆಗೋದಿ ಕೊಟ್ಟು ಬಿಡಿಸಿ ತಂದನು. ಈ ಕಾದಂಬರಿಯ ಹೆಂಡತಿ ತನ್ನ ಕಾಲಿನಿಂದ ನಡೆದು ಬರುತ್ತಾಳೆ. ಜಬರ್ದಸ್ತಿಯ ಆಪಾದನೆಗೆ ಇದಕ್ಕಿಂತ ನೇರವಾದ ಉತ್ತರ ಪುಸ್ತಕದಲ್ಲಿಲ್ಲ. ಅದು ಮೊದಲಿನ ಮದುವೆಯ ಸನ್ನಿವೇಶವನ್ನು ಅಳಿಸಿಹಾಕುವುದಿಲ್ಲ ನಿಜ, ಆದರೆ ಅದರ ಕೊರತೆ ಲೇಖಕಿಗೇ ಗೊತ್ತಿತ್ತೆಂದು ತೋರಿಸುತ್ತದೆ.

ಏಂಜಲ್‌ಳ ಒಳಗನ್ನು ಬರೆಯುವಾಗ ರಿವರ್ಸ್ ಅವರ ಕೈ ಗಟ್ಟಿಯಾಗಿದೆ. ರಾತ್ರಿ ಎದ್ದು ಹೋಗಿ, ಕೊರೆಯುವ ತೊರೆಯ ನೀರಿನಲ್ಲಿ ಕುಳಿತು, ಚರ್ಮ ಕಿತ್ತುಬರುವಂತೆ ಮರಳುಗಲ್ಲಿನಿಂದ ಮೈ ತಿಕ್ಕಿಕೊಳ್ಳುವ ಅವಳ ಚಿತ್ರವನ್ನು ಓದಿದವರು ಮರೆಯುವುದಿಲ್ಲ. ಬಾಲ್ಯದಲ್ಲಿ ದೌರ್ಜನ್ಯಕ್ಕೆ ಸಿಕ್ಕವರು ಈ ಪುಸ್ತಕವನ್ನು ಎದೆಗೊತ್ತಿಕೊಳ್ಳುವುದು ಇಂಥ ಪುಟಗಳಿಗಾಗಿ. ಆದರೆ ಅಂಥವರಲ್ಲೇ ಕೆಲವರು ಪುಸ್ತಕವನ್ನು ದೂರ ಇಡುವುದಕ್ಕೂ ಕಾರಣವಿದೆ. ಅವಳ ಗಾಯ ವಾಸಿಯಾಗುವುದು ಗಂಡನ ತಾಳ್ಮೆ, ಹೊಲದ ಕೆಲಸ ಮತ್ತು ಪ್ರಾರ್ಥನೆಗಳಿಂದ ಮಾತ್ರ. ತನಗೆ ಹಾಗೆ ವಾಸಿಯಾಗಲಿಲ್ಲವಲ್ಲ, ತನ್ನ ನಂಬಿಕೆಯಲ್ಲೇ ಕೊರತೆಯಿತ್ತೇ ಎಂದು ಓದಿದವಳು ಕೇಳಿಕೊಳ್ಳುವಂತಾಗುತ್ತದೆ. ಕಥೆಯ ಮುಕ್ತಾಯವೂ ಹಾಗೆಯೇ. ಡ್ಯೂಕ್‌ನ ಕಡೆಯವರು ಅವಳಿಗೆ ಮಕ್ಕಳೇ ಆಗದಂತೆ ಮಾಡಿಸಿರುತ್ತಾರೆ, ಅವಳು ಕಡೆಯ ಸಲ ಮನೆಬಿಡುವುದಕ್ಕೂ ಅದೇ ಕಾರಣ. ಹಾಗಿದ್ದರೂ ಉಪಸಂಹಾರದಲ್ಲಿ ಅವಳಿಗೆ ಮಕ್ಕಳಾಗುತ್ತವೆ. ಮುಪ್ಪಿನಲ್ಲಿ ಮಗುವನ್ನು ಹೆತ್ತ ಅಬ್ರಹಾಮನ ಹೆಂಡತಿ ಸಾರಳ ನೆನಪಿನಿಂದ ಇದು ಬಂದಿದೆ ಎಂಬುದು ಸ್ಪಷ್ಟ. ಮಕ್ಕಳಿಲ್ಲದ ಸಾರಾ ಮೈಕೆಲ್‌ಗೆ ಸಾಕಾಗಿದ್ದಳು, ಲೇಖಕಿಗೆ ಸಾಕಾಗಲಿಲ್ಲ ಎಂಬ ಅಸಮಾಧಾನ ನನಗೆ ಇಂದಿಗೂ ಹೋಗಿಲ್ಲ.

ಐತಿಹಾಸಿಕ ಕಾದಂಬರಿಯಾಗಿ ಇದರ ತೂಕವೆಷ್ಟು ಎಂಬ ಪ್ರಶ್ನೆಯನ್ನು ತಮ್ಮ ಬಳಗ ಎತ್ತಲಿಲ್ಲವಾದರೂ ನಾನು ಎತ್ತುತ್ತೇನೆ. 1848ರ ಜನವರಿ 24ರಂದು ಕೊಲೋಮಾದ ಸಟರ್ ಮರಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್‌ಗೆ ಚಿನ್ನದ ಚೂರುಗಳು ಸಿಕ್ಕಿದ ಮೇಲೆ ಕೆಲವೇ ವರ್ಷಗಳಲ್ಲಿ ಸುಮಾರು ಮೂರು ಲಕ್ಷ ಜನ ಕ್ಯಾಲಿಫೋರ್ನಿಯಕ್ಕೆ ನುಗ್ಗಿದರು. ಗಣಿ ಶಿಬಿರಗಳಲ್ಲಿ ಹೆಂಗಸರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ, ಆದ್ದರಿಂದ ಏಂಜಲ್‌ಗಾಗಿ ಚೀಟಿ ಎತ್ತುವ ಗಂಡಸರ ಸಾಲು ಅತಿಶಯೋಕ್ತಿಯೇನಲ್ಲ. ಕೆಸರು, ಡೇರೆ, ವಿಸ್ಕಿ, ದುಬಾರಿ ತರಕಾರಿ ಇವೆಲ್ಲ ಸರಿಯಾಗಿಯೇ ಬಂದಿವೆ. ಕಾಣದಿರುವುದು ಆ ನೆಲದ ಮೂಲನಿವಾಸಿಗಳು. ಕ್ಯಾಲಿಫೋರ್ನಿಯದಲ್ಲಿ 1848ರ ಹೊತ್ತಿಗೆ ಸುಮಾರು ಒಂದೂವರೆ ಲಕ್ಷವಿದ್ದ ಅವರು 1870ರ ವೇಳೆಗೆ ಸುಮಾರು 30,000ಕ್ಕೆ ಇಳಿದಿದ್ದರು. ಏಂಜಲ್‌ಳ ಕಥೆ ನಡೆಯುವ ಅದೇ 1850ರಲ್ಲಿ ಅಲ್ಲಿಯ ಶಾಸನಸಭೆ ತಂದ ಕಾನೂನೊಂದು, ಮೂಲನಿವಾಸಿಗಳ ‘ರಕ್ಷಣೆ’ ಎಂಬ ಹೆಸರಿನಲ್ಲೇ, ಅವರ ಮಕ್ಕಳನ್ನು ಬಿಳಿಯರ ಮನೆಗಳಲ್ಲಿ ಜೀತಕ್ಕೆ ಇಟ್ಟುಕೊಳ್ಳಲು ದಾರಿ ಮಾಡಿಕೊಟ್ಟಿತು. ಮಾರಾಟವಾದ ಮಗುವೊಂದರ ಬಗ್ಗೆ ಇಷ್ಟು ಮರುಗುವ ಕಾದಂಬರಿ, ಮೈಕೆಲ್ ಉಳುತ್ತಿದ್ದ ನೆಲದ ಆಚೆಬದಿಯಲ್ಲಿ ಕಾನೂನಿನ ಒಪ್ಪಿಗೆಯಿಂದಲೇ ಒಯ್ಯಲ್ಪಡುತ್ತಿದ್ದ ಮಕ್ಕಳನ್ನು ಕಾಣಲಿಲ್ಲ. ದೃಷ್ಟಾಂತಕ್ಕೆ ಬೇಕಾದ ‘ಏದೆನ್ ತೋಟ’ ಖಾಲಿ ನೆಲವಾಗಿರಬೇಕಿತ್ತು, ಅದಕ್ಕೆ ಚರಿತ್ರೆ ಬೆಲೆ ತೆತ್ತಿತು.

ಇನ್ನು ‘ಮೈಬಿಸಿ’ ಎಂದವರ ಮಾತು. ರಿವರ್ಸ್ ಮೊದಲು ಸಾಮಾನ್ಯ ಮಾರುಕಟ್ಟೆಗೆ ಐತಿಹಾಸಿಕ ಪ್ರೇಮಕಾದಂಬರಿಗಳನ್ನು ಬರೆಯುತ್ತಿದ್ದವರು. 1980ರ ದಶಕದ ಮಧ್ಯದಲ್ಲಿ ಕ್ರೈಸ್ತ ನಂಬಿಕೆಗೆ ಬಂದ ಮೇಲೆ ಬರೆದ ಮೊದಲ ಕಾದಂಬರಿ ಇದು. 1991ರಲ್ಲಿ ಇದನ್ನು ತಂದದ್ದು ಬ್ಯಾಂಟಮ್ ಎಂಬ ಸಾಮಾನ್ಯ ಪ್ರಕಾಶನ ಸಂಸ್ಥೆ. ಇಂದು ಎಲ್ಲರ ಕೈಯಲ್ಲಿರುವುದು 1997ರಲ್ಲಿ ಮಲ್ಟ್ನೋಮಾ ಎಂಬ ಕ್ರೈಸ್ತ ಪ್ರಕಾಶನ ಹೊರತಂದ ಪರಿಷ್ಕೃತ ರೂಪ. ಹಳೆಯ ಕಸುಬಿನ ಪಳಗಿದ ಕೈ ಆ ರೂಪದಲ್ಲೂ ಕಾಣುತ್ತದೆ. ಗಂಡಹೆಂಡಿರ ನಡುವಿನ ಬಯಕೆಯನ್ನು ಅದು ಮುಚ್ಚುವುದಿಲ್ಲ, ಏಂಜಲ್ ತನ್ನ ತಂದೆಯ ಮೇಲೆ ತೀರಿಸಿಕೊಂಡ ಭಯಂಕರ ಸೇಡನ್ನೂ ಬಿಡುವುದಿಲ್ಲ. ಕುತೂಹಲದ ಸಂಗತಿಯೆಂದರೆ, ಯುವಜನರು ಡೇಟಿಂಗನ್ನೇ ತೊರೆಯಬೇಕೆಂದು ಬೋಧಿಸಿದ ಜಾಶುವಾ ಹ್ಯಾರಿಸ್ ಅವರ ಪುಸ್ತಕವನ್ನು ಅದೇ ವರ್ಷ ಪ್ರಕಟಿಸಿದ್ದೂ ಅದೇ ಮಲ್ಟ್ನೋಮಾ. 2018ರಲ್ಲಿ ಹ್ಯಾರಿಸ್ ತಮ್ಮ ಪುಸ್ತಕವನ್ನು ತಾವೇ ಹಿಂತೆಗೆದುಕೊಂಡರು. ಮದುವೆಗೆ ಮುನ್ನ ದೇಹಸಂಬಂಧ ಕೂಡದೆಂಬ ಶುದ್ಧತೆಯ ಪಾಠದ ನಡುವೆ ಬೆಳೆದ ಆ ಕಾಲದ ಅಮೆರಿಕದ ಹುಡುಗಿಯರಿಗೆ, ಕಳೆದುಹೋದದ್ದು ಕಳೆದೇ ಹೋಯಿತು ಎಂಬ ಬೋಧನೆಯ ಎದುರಿಗೆ ‘ನೀನು ಹಾಳಾಗಿಲ್ಲ’ ಎಂದ ಪುಸ್ತಕ ಇದು. ಅದೇ ಹುಡುಗಿಯರು ಮೂವತ್ತು ದಾಟಿದ ಮೇಲೆ ಮರಳಿ ಓದಿ, ಗಂಡನಿಗೆ ಮಣಿಯುವುದೇ ಗುಣವಾಗುವ ದಾರಿ ಎಂದೂ ಇದೇ ಪುಸ್ತಕ ತಮಗೆ ಕಲಿಸಿತ್ತೆಂದು ದೂರಿದ್ದಾರೆ. ಎರಡೂ ಮಾತು ಒಬ್ಬಳೇ ಓದುಗಿಯ ಬಾಯಿಂದ ಬಂದರೂ ನನಗೆ ಆಶ್ಚರ್ಯವಿಲ್ಲ.

ಹದಿನೈದರ ಹುಡುಗಿಯರ ಪ್ರಶ್ನೆಗೆ ನನ್ನ ಉತ್ತರ: ಆ ವಯಸ್ಸಿನವರಿಗೆ ಕೈಗೆ ಕೊಟ್ಟು ಸುಮ್ಮನಾಗುವ ಪುಸ್ತಕ ಇದಲ್ಲ. ಅದು ಶೃಂಗಾರದ ಪುಟಗಳಿಗಾಗಿ ಅಲ್ಲ, ಮಗುವಿನ ಮಾರಾಟ, ಹಿಂಸೆ ಮತ್ತು ತಂದೆಯ ಪ್ರಸಂಗಗಳಿಗಾಗಿ. ಎರಡು ವರ್ಷ ಕಾಯುವುದು ಒಳ್ಳೆಯದು. ಓದಿಸುವುದೇ ಆದರೆ ಹೋಶೇಯನ ಗ್ರಂಥದ ಮೊದಲ ಮೂರು ಅಧ್ಯಾಯಗಳನ್ನು ಜೊತೆಗೆ ಓದಿಸಿ. ಕಾಲು ಗಂಟೆಯೂ ಬೇಕಾಗುವುದಿಲ್ಲ. ಗೋಮೆರಳು ಏನು ಹೇಳುತ್ತಿದ್ದಳು ಎಂದು ಹುಡುಗಿಯರನ್ನೇ ಕೇಳಿ, ಮದುವೆಯ ಸನ್ನಿವೇಶವನ್ನು ದಾಟಿಸಿಬಿಡದೆ ಅಲ್ಲೇ ನಿಂತು ಮಾತಾಡಿ. ಆ ಮಾತುಕತೆಗೆ ತಮ್ಮ ಮಗಳನ್ನೇ ಕರೆಯಬಹುದು. ಬಳಗದಲ್ಲಿ ಅತ್ತವರು ಒಪ್ಪಿದರೆ.

ಸಿನಿಮಾ 2022ರ ಜನವರಿಯಲ್ಲಿ ಬಂತು. ನಿರ್ದೇಶಕ ಡಿ. ಜೆ. ಕರೂಸೊ ಅವರೊಂದಿಗೆ ರಿವರ್ಸ್ ಕೂಡ ಚಿತ್ರಕಥೆ ಬರೆದಿದ್ದಾರೆ, ಕ್ಯಾಲಿಫೋರ್ನಿಯದ ಹೊಲವಾಗಿ ತೆರೆಯ ಮೇಲೆ ಕಾಣುವುದು ದಕ್ಷಿಣ ಆಫ್ರಿಕಾ. ನೋಡಲು ಚೆಂದ. ಆದರೆ ಏಂಜಲ್ ಮನಸ್ಸಿನಲ್ಲಿ ಆಡಿಕೊಳ್ಳುವ ಕಹಿಮಾತುಗಳಿಗೆ ತೆರೆಯ ಮೇಲೆ ಜಾಗವಿಲ್ಲ, ಪುಸ್ತಕದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಆ ಮಾತುಗಳೇ. ಮಗಳು ಪುಸ್ತಕಕ್ಕೆ ಬದಲಾಗಿ ಸಿನಿಮಾ ನೋಡಿದರೆ ತಾನು ಹೇಳಿದ್ದೇ ಸರಿ ಎಂದುಕೊಳ್ಳುವ ಸಂಭವ ಹೆಚ್ಚು.